ಒಂಟೆಯ ಒಂದು ದಿನದ ದಾರಿ

ಕೇಳುಗರಿಗೆ ನಮಸ್ಕಾರ.

ಹೊರೆ ಹೊತ್ತ ಒಂಟೆ ಒಂದು ದಿನಕ್ಕೆ ಎಷ್ಟು ದೂರ ನಡೆದೀತು? 30ರಿಂದ 40 ಕಿಲೋಮೀಟರ್. ಅಷ್ಟೇ. ಆಮೇಲೆ ಅದರ ಮೂಟೆ ಇಳಿಸಬೇಕು, ನೀರು ಮೇವು ಕೊಡಬೇಕು. ಎಂಟುನೂರು ವರ್ಷಗಳ ಹಿಂದೆ ಈಗಿನ ಟರ್ಕಿಯ ನಡುನಾಡನ್ನು ಆಳುತ್ತಿದ್ದ ಸೆಲ್ಜುಕ್ ಸುಲ್ತಾನರು ಈ ಲೆಕ್ಕ ಹಿಡಿದುಕೊಂಡೇ ತಮ್ಮ ಮುಖ್ಯ ದಾರಿಗಳ ಉದ್ದಕ್ಕೂ ತಂಗುಮನೆಗಳನ್ನು ಕಟ್ಟಿಸಿದರು. ಅವೇ ಕಾರವಾನ್ ಸರಾಯಿಗಳು.

ಪರ್ಷಿಯನ್ನಿನಲ್ಲಿ ಕಾರವಾನ್ ಅಂದರೆ ಒಟ್ಟಾಗಿ ಸಾಗುವ ವರ್ತಕರ ತಂಡ. ಸರಾಯ್ ಅಂದರೆ ದೊಡ್ಡ ಮನೆ, ಅರಮನೆ. ನಮ್ಮ ಕಿವಿಗೆ ಈ ಹೆಸರು ಬೇರೇನನ್ನೋ ನೆನಪಿಸುತ್ತದೆ, ಅಲ್ವಾ? ಆ ಸಾರಾಯಿಗೂ ಈ ಸರಾಯಿಗೂ ಸಂಬಂಧವಿಲ್ಲ. ಇದು ಛತ್ರ. ಟರ್ಕಿಯ ಜನ ಸುಮ್ನೆ 'ಹಾನ್' ಅಂದುಬಿಡುತ್ತಾರೆ.

ಇವು ಹುಟ್ಟಿದ್ದು ವ್ಯಾಪಾರದ ಆಸೆಯಿಂದ. ಸೆಲ್ಜುಕರು 1207ರಲ್ಲಿ ಮೆಡಿಟರೇನಿಯನ್ ದಂಡೆಯ ಅಂತಾಲ್ಯವನ್ನು ಗೆದ್ದರು. 1214ರಲ್ಲಿ ಕಪ್ಪು ಸಮುದ್ರದ ಸಿನೋಪ್ ಸಿಕ್ಕಿತು. ಎರಡೂ ಕಡೆ ಬಂದರು ಕೈಗೆ ಬಂದ ಮೇಲೆ ನಡುವಿನ ದಾರಿ ನೆಟ್ಟಗಿರಬೇಕಲ್ಲ! ಕಳ್ಳರ ಭಯ ಇದ್ದರೆ ವರ್ತಕ ಬರುವುದಿಲ್ಲ. ವರ್ತಕ ಬರದಿದ್ದರೆ ಸುಂಕವೂ ಬರುವುದಿಲ್ಲ.

ಈ ಛತ್ರಗಳಲ್ಲೆಲ್ಲ ದೊಡ್ಡದು ಕೊನ್ಯಾದಿಂದ ಅಕ್ಸರಾಯ್‌ಗೆ ಹೋಗುವ ದಾರಿಯಲ್ಲಿದೆ. ಹೆಸರು ಸುಲ್ತಾನ್ ಹಾನ್. ಸೆಲ್ಜುಕ್ ಸುಲ್ತಾನ ಒಂದನೇ ಅಲಾವುದ್ದೀನ್ ಕೈಕುಬಾದ್ ಅದನ್ನು 1229ರಲ್ಲಿ ಕಟ್ಟಿಸಿದ. ಶಿಲ್ಪಿ ಡಮಾಸ್ಕಸ್ ಕಡೆಯವನು, ಮುಹಮ್ಮದ್ ಬಿನ್ ಹವ್ಲಾನ್. ವಿಸ್ತಾರ ಸುಮಾರು 4,900 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಕರೆ ಎಂಟು ಗುಂಟೆ.

ದೂರದಿಂದ ನೋಡಿದರೆ ಇದು ಕೋಟೆಯೇ. ದಪ್ಪ ಕಲ್ಲಿನ ಗೋಡೆ, ಅದಕ್ಕೆ ಒತ್ತುಕೊಟ್ಟ ಬುರುಜುಗಳು. ಹೊರಗಿನವರು ಒಳಗೆ ನುಗ್ಗುವಂಥ ಕಿಟಕಿ ಒಂದೂ ಇಲ್ಲ. ಬಾಗಿಲೂ ಒಂದೇ. ಆದರೆ ಆ ಬಾಗಿಲು ಎಂಥದ್ದು! ಗೋಡೆಯಿಂದ ಮುಂದೆ ಚಾಚಿದ, ಸುಮಾರು 13 ಮೀಟರ್ ಎತ್ತರದ ಅಮೃತಶಿಲೆಯ ಮಹಾದ್ವಾರ. ಅದರ ಮೇಲ್ಭಾಗದಲ್ಲಿ ಜೇನುಗೂಡಿನ ಹಾಗೆ ಪದರ ಪದರವಾಗಿ ಇಳಿಬೀಳುವ ಕೆತ್ತನೆ. ಇದಕ್ಕೆ ಮುಕರ್ನಾಸ್ ಎಂದು ಹೆಸರು. ಸುತ್ತ ನಕ್ಷತ್ರಗಳ, ಹೆಣೆದ ಗೆರೆಗಳ ಪಟ್ಟಿಗಳು. ಉಳಿದ ಗೋಡೆಯೆಲ್ಲ ಬೋಳು, ಶೃಂಗಾರವೆಲ್ಲ ಬಾಗಿಲಿಗೆ. ದಿನವಿಡೀ ಬರೀ ಬಯಲು ನೋಡಿ ದಣಿದ ಕಣ್ಣಿಗೆ ಆ ಬಾಗಿಲು ಹೇಗೆ ಕಂಡಿರಬೇಕು!

ಒಳಗೆ ಹೋದರೆ ವಿಶಾಲ ಅಂಗಳ. ಒಂದು ಪಕ್ಕ ಕಮಾನುಗಳ ಸಾಲು, ಇನ್ನೊಂದು ಪಕ್ಕ ಕೋಣೆಗಳು. ಅಂಗಳದ ನಟ್ಟನಡುವೆ ಒಂದು ಪುಟ್ಟ ಮಸೀದಿ. ಅದು ನೆಲದ ಮೇಲಿಲ್ಲ. ನಾಲ್ಕು ಕಮಾನುಗಳ ಮೇಲೆ ಎತ್ತಿ ಕೂರಿಸಿದ್ದಾರೆ, ಮೆಟ್ಟಿಲು ಹತ್ತಿ ಹೋಗಬೇಕು. ಕೆಳಗೆ ಒಂಟೆ, ಕುದುರೆ, ಹೇಸರಗತ್ತೆಗಳ ಗದ್ದಲ, ಸಗಣಿ, ಧೂಳು. ಪ್ರಾರ್ಥನೆಯ ಜಾಗ ಅದಕ್ಕಿಂತ ಒಂದಾಳು ಮೇಲೆ ಇರಲಿ ಅಂದುಕೊಂಡಿರಬೇಕು.

ಅಂಗಳದ ಆಚೆ ಮತ್ತೊಂದು ಕೆತ್ತನೆಯ ಬಾಗಿಲು. ಅದು ಚಳಿಗಾಲದ ಪಡಸಾಲೆಗೆ. ಆ ಬಯಲು ಸೀಮೆ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಅಲ್ಲಿ ಹಿಮ ಬೀಳುತ್ತದೆ. ಹಾಗಾಗಿ ಪಡಸಾಲೆಗೆ ಪೂರ್ತಿ ಕಲ್ಲಿನ ಚಾವಣಿ, ದಪ್ಪ ಕಂಬಗಳು, ಗೋಡೆಯ ಮೇಲ್ಭಾಗದಲ್ಲಿ ಸೀಳಿನಂಥ ಕಿಂಡಿಗಳು. ನಡುವಿನ ಸಾಲು ಎತ್ತರ, ಅದರ ನೆತ್ತಿಯಲ್ಲಿ ಬೆಳಕು ಇಳಿಯುವ ಒಂದು ಗುಮ್ಮಟ. ಪ್ರಾಣಿಗಳ ಮೈಶಾಖ ಹೊರಗೆ ಹೋಗದಂತೆ ಗಟ್ಟಿಯಾಗಿ ಮುಚ್ಚಿದ ಕೊಟ್ಟಿಗೆ ಅಂತಲೂ ಅನ್ನಬಹುದು. ಆದರೆ ಇಂಥ ಕೊಟ್ಟಿಗೆಯನ್ನು ನಾನಂತೂ ಗುಡಿಯ ಸಾಲಿಗೇ ಸೇರಿಸುತ್ತೇನೆ.

ಒಳಗೆ ಬಂದವರಿಗೆ ಏನು ಸಿಗುತ್ತಿತ್ತು? ಅದನ್ನು ತಿಳಿಯಲು ಕೈಸೇರಿಯ ಪೂರ್ವಕ್ಕಿರುವ ಕರತಾಯ್ ಹಾನ್‌ಗೆ ಹೋಗಬೇಕು. ಕಟ್ಟಿಸಿದವನು ಜಲಾಲುದ್ದೀನ್ ಕರತಾಯ್. ಗುಲಾಮನಾಗಿ ಬಂದು ರಾಜ್ಯದ ದೊಡ್ಡ ಅಧಿಕಾರಿಯಾದವನು. ಛತ್ರ ನಡೆಸಲು ಅವನು 1247ರಲ್ಲಿ ಬರೆಸಿದ ದಾನಪತ್ರ ಉಳಿದುಬಂದಿದೆ. ಬಂದವರಿಗೆಲ್ಲ ರೊಟ್ಟಿ, ಮಾಂಸದ ಅಡುಗೆ. ಶುಕ್ರವಾರದ ರಾತ್ರಿ ಜೇನಿನ ಹಲ್ವಾ. ಕಾಯಿಲೆ ಬಿದ್ದವರಿಗೆ ಔಷಧ. ಬಡವರ ಕಾಲಿಗೆ ಪಾದರಕ್ಷೆ, ಕುದುರೆಯ ಗೊರಸಿಗೆ ಲಾಳ. ಮುಸ್ಲಿಮರೇ ಆಗಲಿ ಅಲ್ಲದವರೇ ಆಗಲಿ, ಗಂಡಸು ಹೆಂಗಸು, ಒಡೆಯ ಗುಲಾಮ ಎಂಬ ಭೇದ ಮಾಡಬಾರದು ಎಂದೂ ಬರೆಸಿದ್ದಾನೆ. 'ಗುಲಾಮ' ಎಂಬ ಮಾತು ಬರೆಸುವಾಗ ಅವನಿಗೆ ತನ್ನ ಹಳೆಯ ದಿನಗಳು ನೆನಪಾದವೋ ಏನೋ.

ಅಷ್ಟು ಹೊತ್ತಿಗೆ ರಾಜ್ಯವೇ ಕುಸಿಯುತ್ತಿತ್ತು. 1243ರಲ್ಲಿ ಕೋಸೆದಾಗ್‌ನಲ್ಲಿ ಮಂಗೋಲರು ಸೆಲ್ಜುಕರನ್ನು ಸೋಲಿಸಿದ್ದರು. ಆದರೂ ಛತ್ರಗಳು ಮುಚ್ಚಲಿಲ್ಲ. ಬೆಂಕಿಗೆ ಸಿಕ್ಕಿದ್ದ ಸುಲ್ತಾನ್ ಹಾನ್ 1278ರಲ್ಲಿ ಮತ್ತೆ ರಿಪೇರಿಯಾಯಿತು. ದೊರೆ ಯಾರಾದರೇನು, ಸರಕು ಓಡಾಡಲೇಬೇಕಲ್ಲ.

ಈಗ ಆ ದಾರಿಯಲ್ಲಿ ಬಸ್ಸುಗಳು ಓಡುತ್ತವೆ. ಒಂಟೆಗೆ ಒಂದು ದಿನ ಹಿಡಿಯುತ್ತಿದ್ದ ದೂರಕ್ಕೆ ಈಗ ಅರ್ಧ ಗಂಟೆ ಸಾಕು. ಹಾನ್ ಸುತ್ತ ಬೆಳೆದ ಊರಿಗೂ ಸುಲ್ತಾನ್ ಹಾನಿ ಅಂತಲೇ ಹೆಸರು. ಅಲ್ಲಿನ ಜನ ಹಳೆಯ ರತ್ನಗಂಬಳಿಗಳನ್ನು ರಿಪೇರಿ ಮಾಡುವುದರಲ್ಲಿ ಹೆಸರುವಾಸಿ. ಹರಿದದ್ದು, ಸವೆದದ್ದು ಅವರ ಕೈಗೆ ಬರುತ್ತದೆ. ಅವರು ಬಣ್ಣಕ್ಕೆ ಬಣ್ಣ ಹೊಂದಿಸಿ, ಗಂಟಿನ ಪಕ್ಕ ಗಂಟು ಹಾಕುತ್ತಾ ಕೂರುತ್ತಾರೆ.

ನಮಸ್ಕಾರ.