ಅಕ್ಕಯ್ಯನ ಜಪದ ಪುಸ್ತಕಗಳು

ವೇದಿಕೆಯಲ್ಲಿರುವ ಹಿರಿಯರಿಗೆ, ನಾಪೋಕ್ಲು, ಚೇರಂಬಾಣೆ ಕಡೆಯಿಂದ ಈ ಮಳೆಯಲ್ಲೂ ಭಾಗಮಂಡಲಕ್ಕೆ ಬಂದ ಎಲ್ಲರಿಗೂ ನಮಸ್ಕಾರ.

ಅಕ್ಕಯ್ಯನ ಭಕ್ತಿಯ ಬಗ್ಗೆ ಮೊದಲು ಮಾತಾಡಿದವರು ಹೇಳಿಯಾಯಿತು. ನಾನು ಅವರ ಕಾಯಿಲೆಯ ಬಗ್ಗೆ ಹೇಳುತ್ತೇನೆ: ಪಾರ್ಕಿನ್ಸನ್, ಅಂದರೆ ಚಲನೆ ನಿಧಾನವಾಗಿ ಮೈ ಬಿಗಿಯುವ ಮಿದುಳಿನ ಕಾಯಿಲೆ. ನುಡಿನಮನದಲ್ಲಿ ಮಾತ್ರೆಯ ಮಾತೇಕೆ ಅಂತ ಮುಖ ಮಾಡಬೇಡಿ. ಪಾರ್ಕಿನ್ಸನ್ ಇರುವವರನ್ನು ನೋಡಿಕೊಳ್ಳುತ್ತಿರುವ ಮನೆಯವರು ಈ ಸಭೆಯಲ್ಲೂ ಇದ್ದೀರಿ.

ಅಕ್ಕಯ್ಯ ದಿನಾ ರಾಮನಾಮ ಬರೆಯುತ್ತಿದ್ದದ್ದು ನಿಮಗೆಲ್ಲ ಗೊತ್ತು. ಆ ಪುಸ್ತಕಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿದರೆ ರೋಗದ ಚರಿತ್ರೆಯೇ ಕಾಣುತ್ತದೆ. ಮೊದಲಿನವುಗಳಲ್ಲಿ ಅಕ್ಷರ ದುಂಡಗೆ, ದೊಡ್ಡದು. ಆಮೇಲಿನವುಗಳಲ್ಲಿ ಸಾಲಿನ ಆರಂಭದ ‘ಶ್ರೀರಾಮ’ ಸರಿಯಾಗಿದೆ, ಸಾಲು ಮುಗಿಯುವಷ್ಟರಲ್ಲಿ ಸಾಸಿವೆಯಷ್ಟು. ಕಾಗದ ಉಳಿಸುತ್ತಿದ್ದಾರೆ ಅಂತ ಮನೆಯವರು ನಕ್ಕರು. ಖರ್ಚಿನಲ್ಲಿ ಅಕ್ಕಯ್ಯನ ಕೈಬಿಗಿ ಗೊತ್ತಿದ್ದವರಿಗೆ ಅದು ನಂಬಲಾಗದ ಮಾತೂ ಅಲ್ಲ! ಆ ಹೊತ್ತಿಗೆ ಕೈ ನಡುಗುತ್ತಿರಲಿಲ್ಲ. ನಡುಕವೇ ಇಲ್ಲದ ಪಾರ್ಕಿನ್ಸನ್ ಕೂಡ ಇದೆ. ಕಾಫಿ ಹೂ ಬಿಟ್ಟು ಊರೆಲ್ಲ ಘಮ್ ಎನ್ನುವಾಗ ‘ಈ ಸಲ ಹೂವಿಗೆ ವಾಸನೆಯೇ ಇಲ್ಲ’ ಅಂದಿದ್ದರು. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಇವು ನಡುಕಕ್ಕೆ ಎಷ್ಟೋ ವರ್ಷ ಮೊದಲೇ ಬರಬಹುದು. ಮಿದುಳಿನಲ್ಲಿ ಡೋಪಮಿನ್, ಅಂದರೆ ಚಲನೆಗೆ ಬೇಕಾದ ರಾಸಾಯನಿಕ, ಅದನ್ನು ತಯಾರಿಸುವ ಕೋಶಗಳು ಸದ್ದಿಲ್ಲದೆ ಸಾಯುತ್ತಿರುತ್ತವೆ.

ರೋಗ ಗೊತ್ತಾದ ಮೇಲೂ ಜಪ ನಿಲ್ಲಲಿಲ್ಲ, ಪುಸ್ತಕ ಮಾತ್ರ ಬದಲಾಯಿತು. ಮಕ್ಕಳು ಇಂಗ್ಲಿಷ್ ಬರೆಯುವ ನಾಲ್ಕು ಗೆರೆಯ ಕಾಪಿ ಪುಸ್ತಕ. ಕಣ್ಣಿಗೆ ಗೆರೆ ಕಂಡರೆ ಕೈ ಅಲ್ಲಿಯವರೆಗೆ ಎಳೆಯುತ್ತದೆ, ಅಕ್ಷರ ಮತ್ತೆ ದೊಡ್ಡದಾಗುತ್ತದೆ.

ನಡಿಗೆಗೂ ಇದೇ ಉಪಾಯ. ದೇವರ ಕೋಣೆಯ ಹೊಸ್ತಿಲಲ್ಲಿ ಅವರ ಪಾದ ನೆಲಕ್ಕೆ ಅಂಟಿಕೊಂಡು ಬಿಡುತ್ತಿತ್ತು. ಬಾಗಿಲು, ಇಕ್ಕಟ್ಟು ಜಾಗ, ತಿರುವು, ಇಲ್ಲೆಲ್ಲ ಹಾಗಾಗುತ್ತದೆ. ಕೈ ಹಿಡಿದು ಎಳೆಯಬೇಡಿ, ಎಳೆದರೆ ಮೇಲಿನ ಮೈ ಮುಂದಕ್ಕೆ ಬರುತ್ತದೆ, ಕಾಲು ಬರುವುದಿಲ್ಲ, ಬೀಳುತ್ತಾರೆ. ನಿಲ್ಲಿಸಿ, ಭಾರವನ್ನು ಎಡಕ್ಕೆ ಬಲಕ್ಕೆ ತೂಗಿಸಿ, ಆಮೇಲೆ ಒಂದು ದೊಡ್ಡ ಹೆಜ್ಜೆ. ನೆಲಕ್ಕೆ ಎದ್ದು ಕಾಣುವ ಬಣ್ಣದ ಪಟ್ಟಿ ಅಡ್ಡಡ್ಡ ಅಂಟಿಸಿದರೆ ಅದನ್ನು ದಾಟಲು ಕಾಲು ಏಳುತ್ತದೆ. ತಾಳ ಹಾಕಿ ಭಜನೆ ಹೇಳಿದರೂ ಏಳುತ್ತದೆ. ನಿಂತಲ್ಲೇ ಸುತ್ತುವ ಪ್ರದಕ್ಷಿಣೆ ಮಾತ್ರ ಬೇಡವೇ ಬೇಡ. ಅಗಲವಾಗಿ ಬಳಸಿ ತಿರುಗಬೇಕು. ಅಡ್ಡಬಿದ್ದು ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ತಿರುಗುತ್ತದೆ, ಕೂತೇ ಕೈ ಮುಗಿಯಲಿ.

ಈಗ ನನ್ನ ಜಗಳದ ವಿಷಯ: ಮಾತ್ರೆಯ ಹೊತ್ತು. ಮಿದುಳಿಗೆ ಹೋಗಿ ಡೋಪಮಿನ್ ಆಗುವ ಲೆವೊಡೋಪ ಮಾತ್ರೆಯ ಕೆಲಸ ಕೆಲವೇ ಗಂಟೆ. ಎಂಟಕ್ಕೆ ಅಂದರೆ ಎಂಟಕ್ಕೇ, ಪೂಜೆ ಮುಗಿದ ಮೇಲೆ ಅಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ, ಯಾಕೆಂದರೆ ಮಾಂಸ, ಬೇಳೆ, ಹಾಲಿನ ಪ್ರೊಟೀನು ಮೈಗೆ ಸೇರುವ ದಾರಿಗೆ ಮಾತ್ರೆಯ ಜೊತೆ ಪೈಪೋಟಿ ಮಾಡುತ್ತದೆ. ಪುತ್ತರಿ ಹಬ್ಬದ ಮರುದಿನ ‘ಔಷಧಿ ಹಿಡಿಯುತ್ತಿಲ್ಲ’ ಅಂತ ಡಾಕ್ಟರಿಗೆ ಫೋನ್ ಮಾಡುವ ಮೊದಲು ಹಂದಿ ಸಾರಿನ ಲೆಕ್ಕ ಹಾಕಿ. ಸಂಕ್ರಮಣದ ಉಪವಾಸಕ್ಕೆ ಮಾತ್ರೆ ಬಿಡುವವರಿದ್ದಾರೆ. ಒಮ್ಮೆಲೇ ಬಿಟ್ಟರೆ ಮೈ ಮರಗಟ್ಟಿ, ಜ್ವರ ಏರಿ, ಪ್ರಾಣಕ್ಕೇ ಕುತ್ತು ಬರಬಹುದು. ಅಕ್ಕಯ್ಯನೇ ಒಂದು ದಾರಿ ಮಾಡಿಕೊಂಡಿದ್ದರು: ತೀರ್ಥದ ಜೊತೆ ಮಾತ್ರೆ. ಉಪವಾಸ ಮುರಿಯಿತೋ ಇಲ್ಲವೋ ಕಾವೇರಮ್ಮ ನೋಡಿಕೊಳ್ಳುತ್ತಾಳೆ ಅನ್ನುತ್ತಿದ್ದರು. ಶಾಸ್ತ್ರ ಬಲ್ಲವರು ಕೋಪ ಮಾಡಿಕೊಳ್ಳಬೇಡಿ, ಮಾತ್ರೆಯ ಹೊತ್ತು ಮಾತ್ರ ತಪ್ಪಿಸಬೇಡಿ. ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಹೊತ್ತು ಬರೆದ ಚೀಟಿ ಕೈಯಲ್ಲಿರಲಿ. ವಾಂತಿಗೆ ಮೆಟೊಕ್ಲೊಪ್ರಮೈಡ್ ಕೊಡಬಾರದು ಅಂತಲೂ ಅದರಲ್ಲೇ ಬರೆಯಿರಿ, ಅದು ಡೋಪಮಿನನ್ನೇ ತಡೆಯುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹಾಸಿಗೆ ಹುಣ್ಣಿನ ಬಗ್ಗೆ ಹೇಳುವುದಿತ್ತು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತಷ್ಟೇ ಹೇಳಿ ಬಿಡುತ್ತೇನೆ. ಕೊನೆಯದು ತೀರ್ಥ.

ತಲಕಾವೇರಿಯಿಂದ ತಂದ ತೀರ್ಥ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಹುಷಾರಿಲ್ಲದವರನ್ನು ನೋಡಲು ಬಂದವರೆಲ್ಲ ಒಂದೊಂದು ಚಮಚ ಬಿಡುತ್ತಾರೆ, ಅದೂ ಮಲಗಿಸಿಕೊಂಡೇ, ತಲೆ ಹಿಂದಕ್ಕೆ ವಾಲಿಸಿ. ನುಂಗಲು ಕಷ್ಟವಿದ್ದವರಿಗೆ ಗಂಜಿಗಿಂತ ತೆಳು ನೀರೇ ಅಪಾಯ, ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು ಬಾರದೆಯೂ ಇಳಿಯಬಹುದು. ಆಮೇಲೆ ನ್ಯುಮೋನಿಯಾ. ಎಚ್ಚರವಿದ್ದರೆ ನೇರ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆಗೆ ಬಾಗಿಸಿ, ಅರ್ಧ ಟೀ ಚಮಚ. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಇನ್ನೊಂದು. ಎಚ್ಚರವಿಲ್ಲದಿದ್ದರೆ ಹತ್ತಿಯನ್ನು ತೀರ್ಥದಲ್ಲಿ ಅದ್ದಿ ಹಿಂಡಿ, ತುಟಿಗೆ, ಒಸಡಿಗೆ ಸವರಿ. ಅಕ್ಕಯ್ಯನಿಗೆ ಕೊನೆಯ ವಾರವೆಲ್ಲ ಮನೆಯವರು ಕೊಟ್ಟದ್ದು ಹಾಗೆಯೇ.