ಮಳೆಗಾಲದಲ್ಲಿ ಎಂಜಿ ಟಿಡಿ: ಬಣ್ಣ ಮುಟ್ಟಬೇಡಿ, ಬೋಲ್ಟ್ ನೋಡಿ ಹಾಕಿ

ಹಿಂದೆ ಕೇಳಿಸ್ತಿದೆಯಲ್ಲ, ಅದು ತಗಡಿನ ಮೇಲೆ ಬೀಳ್ತಿರೋ ಮಳೆ. ಮೈಕಿಗೆ ಬಟ್ಟೆ ಸುತ್ತಿದ್ರೂ ಇಷ್ಟೇ, ಸ್ವಲ್ಪ ಸಹಿಸ್ಕೊಳ್ಳಿ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಗೋಡೌನ್ ಇದು. ಟಾರ್ಪಾಲ್ ಕೆಳಗಿರೋದು ಎಂಜಿ ಟಿಡಿ, ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು. 1949ರ ಕೊನೆಯಿಂದ 1953ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಮಾಡೆಲ್, ಒಟ್ಟು ಸುಮಾರು 30 ಸಾವಿರ ಗಾಡಿ, ಬಹುಪಾಲು ಅಮೆರಿಕಕ್ಕೇ ಹೋದವು. 1250 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬೊರೇಟರ್.

ಇಂಥ ಗಾಡಿ ಕಂಡ ಕೂಡಲೇ ಎಲ್ಲರೂ ಹೇಳೋ ಮಾತು ಒಂದೇ, ಪೂರ್ತಿ ಬಿಚ್ಚಿ ಹೊಸದಾಗಿ ಪೇಂಟ್ ಹೊಡೆಸಿಬಿಡಿ ಅಂತ. ಬೇಡ. ಬಾನೆಟ್ ಅಂಚಲ್ಲಿ ಬಣ್ಣ ಸವೆದು ಪ್ರೈಮರ್ ಕಾಣ್ತಿದೆ ನೋಡಿ, ಅದು ಹಾಗೇ ಇರ್ಲಿ. 2024ರಲ್ಲಿ ಅಮೆರಿಕದ ಪೆಬಲ್ ಬೀಚ್‌ನ ಹಳೇ ಕಾರುಗಳ ಪ್ರದರ್ಶನದಲ್ಲಿ ಎಲ್ಲಕ್ಕಿಂತ ದೊಡ್ಡ ಬಹುಮಾನ ಸಿಕ್ಕಿದ್ದು 1934ರ ಬುಗಾಟಿ ಟೈಪ್ 59ಕ್ಕೆ, ಹಳೇ ಕಪ್ಪು ಬಣ್ಣ ಹೊತ್ಕೊಂಡೇ ಬಂದ ಗಾಡಿ ಅದು. ರಿಸ್ಟೋರ್ ಮಾಡದೆ ಕಾಪಾಡಿದ ಗಾಡಿಗೆ ಅಲ್ಲಿ ಆ ಬಹುಮಾನ ಬಂದಿದ್ದು ಅದೇ ಮೊದಲು. ಹೊಸ ಬಣ್ಣ ಯಾವಾಗ ಬೇಕಾದ್ರೂ ಬಳೀಬಹುದು. ಕೆರೆದು ತೆಗೆದ ಹಳೇ ಬಣ್ಣವನ್ನ ಯಾವ ಪೇಂಟರ್ರೂ ವಾಪಸ್ ತರಲಾರ.

ಮೊದಲು ಹಳೇ ಬಣ್ಣ ಎಲ್ಲಿ ಉಳ್ದಿದೆ ಅಂತ ತಿಳೀಬೇಕು. ಕೈಯಲ್ಲಿರೋದು ಪೇಂಟ್ ದಪ್ಪ ಅಳೆಯೋ ಗೇಜ್. ಬಾಗಿಲ ಮೇಲೆ 130 ಮೈಕ್ರಾನ್, ಸರಿಯಾಗಿದೆ. ಎಡ ಮಡ್‌ಗಾರ್ಡ್ ಮೇಲೆ 900 ದಾಟ್ತು ನೋಡಿ, ಅಂದ್ರೆ ಒಳಗೆ ಪುಟ್ಟಿ ತುಂಬಿದ್ದಾರೆ. ಗೇಜ್ ಇಲ್ದಿದ್ರೆ ಸೀಟಿನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ, ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ಒತ್ತಿ. ಹಳೇ ಕಾಲದ ಸೆಲ್ಯುಲೋಸ್ ಬಣ್ಣ ಕರಗಿ ಬಟ್ಟೆಗೆ ಹತ್ತುತ್ತೆ, ಇವತ್ತಿನ 2ಕೆ, ಅಂದ್ರೆ ಹಾರ್ಡನರ್ ಬೆರೆಸಿ ಹೊಡೆಯೋ ಪೇಂಟ್, ಕರಗಲ್ಲ. ತೊಳೆಯೋಕೆ ಮೆತ್ತನೆ ಶಾಂಪೂ, ಹತ್ತಿ ಬಟ್ಟೆ, ಆಮೇಲೆ ಸಿಲಿಕೋನ್ ಇಲ್ಲದ ವ್ಯಾಕ್ಸ್, ಇಷ್ಟು ಸಾಕು. ರಬ್ಬಿಂಗ್ ಕಾಂಪೌಂಡ್ ಡಬ್ಬ ಮುಚ್ಚಿಡಿ, ಅಂಚುಗಳಲ್ಲಿ ಎರಡೇ ಉಜ್ಜಿಗೆ ತಗಡು ಕಾಣುತ್ತೆ. ಆ ಮಡ್‌ಗಾರ್ಡ್ ಮಾತ್ರ ಪುಟ್ಟಿ ತೆಗೆದು ಮತ್ತೆ ಬಳಿಯೋದೇ. ಬಣ್ಣ ಮುಟ್ಟಬೇಡಿ ಅಂದವನು ನಾನೇ ಹೌದು, ಆದ್ರೆ ಅಲ್ಲಿ ಉಳಿಸೋಕೆ ಹಳೇದೇನೂ ಇಲ್ಲ. ಪುಟ್ಟಿ ಅಡಿಯಲ್ಲಿ ನೀರು ನಿಂತು ತಗಡು ತಿಂತಾ ಇರುತ್ತೆ.

ಈಗ ಕೆಳಗೆ. ಇಲ್ಲಿ ಸ್ವಲ್ಪ ಹೊತ್ತು ಆಗುತ್ತೆ, ಯಾಕಂದ್ರೆ ಇದನ್ನ ನೋಡಿದ್ರೆ ಸಿಟ್ಟು ಬರುತ್ತೆ. ಸಂಪ್‌ನ, ಅಂದ್ರೆ ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲೋ ತೊಟ್ಟಿಯ, ಬೋಲ್ಟ್ ಇದು. ಹಿಂದೆ ಯಾರೋ ಬಿಚ್ಚಿದವರು ಹಾರ್ಡ್‌ವೇರ್ ಅಂಗಡಿಯ ಮಾಮೂಲಿ 8 ಎಂಎಂ ಬೋಲ್ಟ್ ತಂದು ತುರುಕಿದ್ದಾರೆ. ಟಿಡಿಯ ಎಂಜಿನ್ನಿನಲ್ಲಿ 8 ಎಂಎಂ ಬೋಲ್ಟಿನ ಪಿಚ್, ಅಂದ್ರೆ ಒಂದು ಥ್ರೆಡ್‌ನಿಂದ ಇನ್ನೊಂದಕ್ಕಿರೋ ದೂರ, 1.0 ಎಂಎಂ, ಈಗ ಅಂಗಡಿಯಲ್ಲಿ ಸಿಗೋದು 1.25. ಸ್ಕೇಲ್ ಪಕ್ಕ ಹಿಡೀತೀನಿ, ಎಣಿಸಿ. ಹಳೇದ್ರಲ್ಲಿ ಒಂದು ಸೆಂಟಿಮೀಟರಿಗೆ ಹತ್ತು ಥ್ರೆಡ್, ಹೊಸದ್ರಲ್ಲಿ ಎಂಟು. ಕೈಯಲ್ಲಿ ಒಂದೆರಡು ಸುತ್ತು ಹೋಗುತ್ತೆ, ಆಮೇಲೆ ಬಿಗಿ. ಅಲ್ಲಿಗೆ ನಿಲ್ಲಿಸೋದು ಬಿಟ್ಟು ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಬ್ಲಾಕಿನ ಒಳಗಿನ ಥ್ರೆಡ್ ಪುಡಿ.

ಇಂಗ್ಲಿಷ್ ಗಾಡಿಗೆ ಮೆಟ್ರಿಕ್ ಥ್ರೆಡ್ ಹೇಗೆ ಅಂದ್ರೆ, ಎಂಜಿಯ ಒಡೆಯ ಮಾರಿಸ್‌ನ ಕಂಪನಿ 1923ರಲ್ಲಿ ಹಾಚ್‌ಕಿಸ್ ಅನ್ನೋ ಫ್ರೆಂಚ್ ಕಂಪನಿಯ ಕವೆಂಟ್ರಿ ಕಾರ್ಖಾನೆ ಕೊಂಡ್ಕೊಳ್ತು. ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್. ಆ ಪದ್ಧತಿಯೇ ಮುಂದೆ ಎಂಜಿ ಎಂಜಿನ್ನಿಗೂ ಬಂತು. ಬೋಲ್ಟಿನ ತಲೆ ಮಾತ್ರ ಇಂಗ್ಲಿಷ್ ಗ್ಯಾರೇಜಿನ ವಿಟ್‌ವರ್ತ್ ಅನ್ನೋ ಇಂಚಿನ ಅಳತೆಯ ಸ್ಪ್ಯಾನರಿಗೆ ಹೊಂದಬೇಕಿತ್ತು. ಹಾಗಾಗಿ ಹಳೇ ಬೋಲ್ಟಿನ ತಲೆಗೆ ಬೇಕಾಗಿರೋದು ಕಾಲು ಇಂಚಿನ ವಿಟ್‌ವರ್ತ್ ಸ್ಪ್ಯಾನರ್. ಕಾಲು ಇಂಚು ಅನ್ನೋದು ಬೋಲ್ಟಿನ ದಪ್ಪದ ಲೆಕ್ಕ, ಸ್ಪ್ಯಾನರಿನ ಬಾಯಿ ಸುಮಾರು 13.3 ಎಂಎಂ. 13ರ ಸ್ಪ್ಯಾನರ್ ಕೂರಲ್ಲ, 14ರದ್ದು ಜಾರಿ ಮೂಲೆ ತಿನ್ನುತ್ತೆ. ಈ ಹಳೇ ಬೋಲ್ಟಿನ ಮೂಲೆಗಳನ್ನ ಹತ್ತಿರದಿಂದ ತೋರಿಸ್ತೀನಿ, ಪೂರಾ ಉರುಟಾಗಿದೆ.

ಸರಿ ಮಾಡೋದು ಹೀಗೆ. 8×1.0ರ ಥ್ರೆಡ್ ಕೊರೆಯೋ ಟ್ಯಾಪ್ ತಗೊಳ್ಳಿ, ಕಟಿಂಗ್ ಆಯಿಲ್ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಪುಡಿ ಒರೆಸ್ತಾ ಹೋಗಿ. ಬಾಯಿಯ ಎರಡು ಮೂರು ಥ್ರೆಡ್ ಮಾತ್ರ ಹೋಗಿದ್ರೆ ಅಷ್ಟರಲ್ಲೇ ಸರಿಹೋಗುತ್ತೆ. ಪೂರ್ತಿ ಹೋಗಿದ್ರೆ ಅದೇ ಅಳತೆಯ ಹೆಲಿಕಾಯಿಲ್, ಅಂದ್ರೆ ಹಾಳಾದ ಥ್ರೆಡ್ ಜಾಗದಲ್ಲಿ ಕೂರೋ ತಂತಿ ಸುರುಳಿ, ಹಾಕಿಸಿ. ದೊಡ್ಡ ತೂತು ಕೊರೆದು 10ರ ಬೋಲ್ಟ್ ಹಾಕೋಕೆ ಯಾರಿಗೂ ಬಿಡಬೇಡಿ. ಬ್ಲಾಕ್ ಬಿರುಕು ಬಿಟ್ರೆ ಬೇರೆ ಬ್ಲಾಕ್ ತರಬೇಕು, ಈ ಎಂಟು ಮೂಲೆಯ ಹಿತ್ತಾಳೆ ಪ್ಲೇಟ್ ಮೇಲಿರೋ ಎಂಜಿನ್ ನಂಬರಿಗೂ ಗಾಡಿಗೂ ಇರೋ ನಂಟು ಅಲ್ಲಿಗೆ ಹೋಯ್ತು.

ನಂಬರ್ ಅಂದಾಗ ನೆನಪಾಯ್ತು. 2021ರ ಕೇಂದ್ರ ಸರ್ಕಾರದ ನಿಯಮದಲ್ಲಿ ವಿಂಟೇಜ್ ನೋಂದಣಿ ಅಂತಲೇ ಇದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ನಂಬರಿನಲ್ಲಿ ‘ವಿಎ’ ಬರುತ್ತೆ. ಆಮೇಲೆ ದಿನಾ ಮಡಿಕೇರಿಗೆ ಓಡಿಸೋ ಹಾಗಿಲ್ಲ. ರ್‍ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲಿಗೆ ಹೋಗಬಹುದು.

ಪೆಟ್ರೋಲ್ ವಿಷಯ ಬೇಗ ಹೇಳ್ಬಿಡ್ತೀನಿ, ಶಾಟ್ ಮುಗೀತಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಹಳೇ ರಬ್ಬರ್ ಪೈಪ್ ತಡೆಯಲ್ಲ. ಕಾರ್ಬೊರೇಟರ್ ಜೆಟ್ಟಿನ ಕಾರ್ಕ್ ಸೀಲ್ ಒಣಗಿ ಕುಗ್ಗಿದ್ರೆ ಪೆಟ್ರೋಲ್ ತೊಟ್ಟಿಕ್ಕೋದು ಬಿಸಿ ಎಕ್ಸಾಸ್ಟ್ ಹತ್ತಿರ. ಇಲ್ಲಿ ಒರಿಜಿನಲ್ ಅಂತ ಹಠ ಮಾಡಬೇಡಿ, ಎಥೆನಾಲ್ ತಡೆಯೋ ವೈಟಾನ್ ರಬ್ಬರ್ ಸೀಲ್ ಹಾಕಿ, ಹಳೇದನ್ನ ಚೀಟಿ ಬರೆದು ಡಬ್ಬದಲ್ಲಿಡಿ. ಬ್ರೇಕ್ ಆಯಿಲ್ ತೇವ ಎಳ್ಕೊಳ್ಳುತ್ತೆ, ನಮ್ಮ ಮಳೆಯಲ್ಲಂತೂ ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ಇನ್ನು ಬಾಗಿಲು. ಹಿಂಜ್ ಹಿಂದಿದೆ, ಚಿಲಕ ಮುಂದಿದೆ, ಗಾಳಿಗೆ ಎದುರಾಗಿ ತೆರೆಯೋ ಬಾಗಿಲು. ಅಂಚು ಹಿಡಿದು ಮೇಲೆತ್ತಿ ನೋಡಿ. ಹಿಂಜಿನ ಪಿನ್ ಸವೆದಿದ್ರೆ ಹಿಂಜ್ ಮಾತ್ರ ಆಡುತ್ತೆ, ಇಲ್ಲಿ ಹಿಂಜ್ ಕೂತಿರೋ ಕಂಬವೇ ಆಡ್ತಿದೆ. ತಗಡಿನ ಒಳಗಿರೋದು ಆಶ್ ಮರ. ಪೆಟ್ಟು ತಡೆಯುತ್ತೆ, ಬಾಗುತ್ತೆ, ಆದ್ರೆ ತೇವ ಸಿಕ್ಕಿದ್ರೆ ಬೇಗ ಲಡ್ಡಾಗುತ್ತೆ. ಸ್ಕ್ರೂಡ್ರೈವರ್ ತುದಿ ಒತ್ತಿದ್ರೆ ಬೆಣ್ಣೆಗೆ ಇಳಿದ ಹಾಗೆ ಇಳೀತು. ಓಡ್ತಿರುವಾಗ ಚಿಲಕ ಬಿಟ್ರೆ ಬಾಗಿಲು ಗಾಳಿಗೆ ಹಾರಿ ತೆರೆಯುತ್ತೆ, ಹಾಗಾಗಿ ಇದನ್ನ ಹಾಗೇ ಬಿಡೋ ಮಾತೇ ಇಲ್ಲ.

ತೊಂದರೆ ಏನಂದ್ರೆ, ತಗಡಿನ ಅಂಚನ್ನ ಮರದ ಸುತ್ತ ಮಡಿಚಿ ಮೊಳೆ ಹೊಡೆದಿದ್ದಾರೆ. ಆ ಮಡಿಕೆ ಬಿಡಿಸಿದ್ರೆ ಬಣ್ಣ ಒಡೆಯುತ್ತೆ. ಅದಕ್ಕೇ ಒಳಗಿನ ಟ್ರಿಮ್ ತೆಗೆದು ಒಳಗಿನಿಂದಲೇ ಕೆಲಸ. ಮೆತ್ತಗಾದ ಮರಕ್ಕೆ ಇಂಚಿಗೊಂದರಂತೆ ಓರೆಯಾಗಿ 3 ಎಂಎಂ ತೂತು ಕೊರೆದು, ತೆಳುವಾದ ಎಪಾಕ್ಸಿ ಅಂಟನ್ನ ಸಿರಿಂಜಿನಲ್ಲಿ, ಮರ ಕುಡಿಯೋದು ನಿಲ್ಲಿಸೋವರೆಗೆ ಬಿಡೋದು. ಪುಡಿಯಾದ ಕೆಳತುದಿ ಕತ್ತರಿಸಿ ಹೊಸ ತುಂಡು. ಎರಡೂ ತುದಿಯನ್ನ ಕಂಬದ ದಪ್ಪದ ಎಂಟರಷ್ಟು ಉದ್ದಕ್ಕೆ ಓರೆಯಾಗಿ ಕತ್ತರಿಸಿ ಅಂಟಿಸೋದು. ಆಶ್ ಇಲ್ಲಿ ಬೆಳೆಯಲ್ಲ. ಸಿಲ್ವರ್ ಓಕ್ ಬೇಡ್ವೇ ಬೇಡ, ತೇಗ ಹಾಕಿ. ತೇಗದಲ್ಲಿ ಎಣ್ಣೆ ಇರೋದ್ರಿಂದ ಅಂಟಿಸೋ ಮೊದಲು ಅಸಿಟೋನ್‌ನಲ್ಲಿ ಒರೆಸಿ. ತುಂಡಿನ ಮೇಲೆ ವರ್ಷ ಕೆತ್ತಿಡಿ, ಮುಂದೆ ಬಿಚ್ಚಿದವರಿಗೆ ಯಾವುದು ಹಳೇದು, ಯಾವುದು ಹೊಸದು ಗೊತ್ತಾಗ್ಲಿ.

ಎಲ್ಲಕ್ಕಿಂತ ಮೊದಲು ಮರ ಒಣಗಬೇಕು. ತೋಟದಲ್ಲಿರೋ ಕಾಫಿಯ ಮಾಯಿಶ್ಚರ್ ಮೀಟರ್ ಇದಕ್ಕೆ ನಡೆಯಲ್ಲ, ಎರಡು ಪಿನ್ ಚುಚ್ಚೋ ಮೀಟರ್ ಬೇಕು. ಈಗ ಮರದ ತೇವ ಶೇಕಡಾ 24 ತೋರಿಸ್ತಿದೆ. 20ರ ಮೇಲಿದ್ರೆ ಬೂಸ್ಟು ಜೀವಂತವಾಗೇ ಇರುತ್ತೆ, ಎಪಾಕ್ಸಿ ಒಳಗೆ ಬಂಧಿಯಾದ ತೇವ ಮರವನ್ನ ಒಳಗಿನಿಂದ್ಲೇ ತಿನ್ನುತ್ತೆ. ಸೀಟಿನ ಜಾಗದಲ್ಲಿ 100 ವ್ಯಾಟಿನ ಬಲ್ಬು, ಪಕ್ಕದಲ್ಲಿ ಸಣ್ಣ ಫ್ಯಾನ್ ಇಟ್ಟಿದ್ದೀವಿ. ಟಾರ್ಪಾಲ್ ಅರ್ಧ ಮಾತ್ರ ಹೊದಿಸ್ತೀವಿ, ಗಾಳಿ ಆಡಬೇಕು. 16ಕ್ಕೆ ಇಳಿದ ದಿನ ಕ್ಯಾಮೆರಾ ಮತ್ತೆ ಆನ್ ಮಾಡ್ತೀನಿ.