‘ಸ್ವಲ್ಪ ಊತ ಸಹಜ’ ಎಂಬ ಅರ್ಧ ವಾಕ್ಯ

ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿಯುಂಡೆ ಕಚ್ಚಿಕೊಂಡು, ಮರಗಟ್ಟಿದ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತ ದಂತವೈದ್ಯರ ಕುರ್ಚಿಯಿಂದ ಏಳುವವರ ಕೈಗೆ ಸಾಮಾನ್ಯವಾಗಿ ಒಂದು ಸೂಚನೆಯ ಚೀಟಿ ಸಿಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಹೀಗೊಂದು ಸಾಲು ಇದ್ದೇ ಇರುತ್ತದೆ: ಸ್ವಲ್ಪ ಊತ ಸಹಜ, ಗಾಬರಿಯಾಗಬೇಡಿ. ಈ ಮಾತು ಸುಳ್ಳೇನಲ್ಲ, ಆದರೆ ಅರ್ಧಕ್ಕೇ ನಿಂತಿದೆ ಎಂಬುದು ನನ್ನ ತಕರಾರು. ಸ್ವಲ್ಪ ಎಂದರೆ ಎಷ್ಟು, ಸಹಜ ಎಂದರೆ ಎಷ್ಟನೆಯ ದಿನದವರೆಗೆ, ಗಾಬರಿಯಾಗಬೇಕಾದ ಹೊತ್ತು ಯಾವುದು ಎಂಬ ಉಳಿದರ್ಧವನ್ನು ಬರೆಯದೆ ಬಿಟ್ಟಾಗ, ಓದಿದವರು ಆ ಖಾಲಿ ಜಾಗವನ್ನು ತಮ್ಮ ತಾಳ್ಮೆಯಿಂದ ತುಂಬಿಕೊಳ್ಳುತ್ತಾರೆ. ಮುಖದ ಸೋಂಕಿನ ವಿಷಯದಲ್ಲಿ ತಾಳ್ಮೆಯಷ್ಟು ದುಬಾರಿಯಾದ ಗುಣ ಬೇರೊಂದಿಲ್ಲ.

ಮೊದಲು ಸಹಜವಾದ ಊತದ ಲೆಕ್ಕ ನೋಡೋಣ. ಮೂಳೆಯೊಳಗೆ ಹೂತುಕೊಂಡ ಬುದ್ಧಿಹಲ್ಲನ್ನು ತೆಗೆಯಬೇಕಾದರೆ ಒಸಡನ್ನು ಬಿಡಿಸಿ, ಮೂಳೆಯನ್ನು ಕೊರೆದು, ಎಷ್ಟೋ ಸಲ ಹಲ್ಲನ್ನೇ ತುಂಡು ಮಾಡಬೇಕಾಗುತ್ತದೆ. ಗಾಯವಾದ ಜಾಗಕ್ಕೆ ದೇಹ ರಕ್ತವನ್ನೂ ದ್ರವವನ್ನೂ ಹರಿಸುವುದರಿಂದ ಕೆನ್ನೆ ಉಬ್ಬುತ್ತದೆ. ಈ ಊತ ಕೆಲವು ಗಂಟೆಗಳಲ್ಲಿ ಶುರುವಾಗಿ, 48ರಿಂದ 72 ಗಂಟೆಗಳ ನಡುವೆ ತುದಿಗೇರಿ, ಆಮೇಲೆ ಇಳಿಯತೊಡಗಿ, ವಾರದ ಹೊತ್ತಿಗೆ ಬಹುಮಟ್ಟಿಗೆ ಹೋಗಿಬಿಡುತ್ತದೆ. ಆದ್ದರಿಂದ ಎರಡನೆಯ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ಮುಖ ಮೊದಲ ದಿನಕ್ಕಿಂತ ವಿಕಾರವಾಗಿದೆ ಎಂಬುದಷ್ಟರಿಂದಲೇ ಬೆದರಬೇಕಿಲ್ಲ. ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟು, ಅಷ್ಟೇ ಹೊತ್ತು ತೆಗೆದು, ಮತ್ತೆ ಇಡುವುದು, ಮಲಗುವಾಗ ತಲೆಯನ್ನು ತುಸು ಎತ್ತರದಲ್ಲಿರಿಸುವುದು, ಇಷ್ಟಕ್ಕೆ ಮಣಿಯುವ ಊತ ಅದು.

ಸೋಂಕಿನ ಗಡಿಯಾರ ಬೇರೆ. ಇಳಿಯಬೇಕಾದ ಹೊತ್ತಿನಲ್ಲಿ ಏರುವುದು ಅದರ ಲಕ್ಷಣ. ಮೂರು ದಿನ ಕಳೆದ ಮೇಲೂ ಊತ ಬೆಳೆಯುತ್ತಲೇ ಇದ್ದರೆ, ಅಥವಾ ಒಮ್ಮೆ ಇಳಿದದ್ದು ಐದಾರು ದಿನಗಳ ನಂತರ ಮತ್ತೆ ಉಬ್ಬಿಕೊಂಡರೆ, ಅದು ನೋಡಲು ಎಷ್ಟೇ ಚಿಕ್ಕದಿದ್ದರೂ ಸಹಜದ ಲೆಕ್ಕಕ್ಕೆ ಸೇರುವುದಿಲ್ಲ. ಜೊತೆಗೆ ಜ್ವರ ಬರಬಹುದು, ಬಾಯಲ್ಲಿ ಕೊಳೆತ ರುಚಿ ಕಾಣಿಸಿಕೊಳ್ಳಬಹುದು, ಚರ್ಮ ಕೆಂಪೇರಿ ಬಿಸಿಯಾಗಿ ಬಿಗಿದುಕೊಳ್ಳಬಹುದು. ನೋಡಬೇಕಾದದ್ದು ಊತ ಎತ್ತ ಸಾಗುತ್ತಿದೆ ಎಂಬುದನ್ನು, ಮತ್ತು ಅದಕ್ಕೆ ನೆನಪನ್ನು ನಂಬಲೇಬಾರದು. ದಿನಕ್ಕೆ ಎರಡು ಸಲ, ಅದೇ ಕಿಟಕಿಯ ಬೆಳಕಿನಲ್ಲಿ, ಅಷ್ಟೇ ದೂರದಿಂದ, ಎದುರಿನಿಂದೊಂದು ಮತ್ತು ಪಕ್ಕದಿಂದೊಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು. ಚರ್ಮದ ಕೆಂಪು ಹರಡುತ್ತಿದೆ ಎನ್ನಿಸಿದರೆ ಅದರ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆದುಕೊಳ್ಳಬಹುದು. ನಾಲ್ಕು ಗಂಟೆಗಳ ನಂತರ ಕೆಂಪು ಆ ಗೆರೆಯನ್ನು ದಾಟಿದ್ದರೆ ಮನೆಯವರೊಡನೆ ಚರ್ಚೆ ಮಾಡುವ ಅಗತ್ಯವೇ ಉಳಿಯುವುದಿಲ್ಲ.

ಊದಿದ್ದೆಲ್ಲವೂ ಸೋಂಕಲ್ಲ ಎಂಬುದನ್ನೂ ಹೇಳಿಬಿಡಬೇಕು. ಅರಿವಳಿಕೆಯ ಸೂಜಿ ರಕ್ತನಾಳಕ್ಕೆ ತಾಗಿದರೆ ಕೆಲವೇ ನಿಮಿಷಗಳಲ್ಲಿ ಕೆನ್ನೆ ಉಬ್ಬಿ, ಆಮೇಲೆ ನೀಲಿಗಟ್ಟುತ್ತದೆ. ಗಾಳಿಯ ಒತ್ತಡದಲ್ಲಿ ತಿರುಗುವ ಡ್ರಿಲ್ಲಿನಿಂದ ಅಂಗಾಂಶದೊಳಗೆ ಗಾಳಿ ನುಗ್ಗಿದರೆ, ಅಪರೂಪಕ್ಕೆ, ಮುಖ ಥಟ್ಟನೆ ಊದಿ, ಒತ್ತಿದಾಗ ಚರ್ಮದಡಿ ಚಟಚಟ ಎನ್ನುತ್ತದೆ. ತುಟಿ ಮತ್ತು ನಾಲಿಗೆ ಒಟ್ಟಿಗೆ ಊದಿ, ಮೈಮೇಲೆ ದದ್ದು ಎದ್ದು, ಉಸಿರು ಕಟ್ಟತೊಡಗಿದರೆ ಅದು ಔಷಧದ ಅಲರ್ಜಿ, ಅಲ್ಲಿ ಕಾಯುವ ಮಾತೇ ಇಲ್ಲ. ಇನ್ನು ಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಹೋಗಿ, ಮೂರ್ನಾಲ್ಕನೆಯ ದಿನ ಕಿವಿಯವರೆಗೆ ಸಿಡಿಯುವ ನೋವು ಬಂದರೂ ಊತ ಅಷ್ಟಾಗಿ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಗುಳಿಯನ್ನು ತೊಳೆದು ಔಷಧದ ಪಟ್ಟಿ ಇಡುವುದೇ ಹೊರತು ಆ್ಯಂಟಿಬಯೋಟಿಕ್ ಅಲ್ಲ.

ನಾನು ಏಮಾರಿದ್ದು ಇದಾವುದರಲ್ಲೂ ಅಲ್ಲ, ನೋವು ಕಡಿಮೆಯಾದದ್ದರಲ್ಲಿ. ಕೆಳದವಡೆಯ ಹಲ್ಲೊಂದಕ್ಕೆ ರೂಟ್ ಕೆನಾಲ್ ಅರ್ಧವಾಗಿತ್ತು. ಮೂರನೆಯ ರಾತ್ರಿ ಎದೆಬಡಿತದ ಲಯಕ್ಕೆ ಸರಿಯಾಗಿ ಹಲ್ಲು ಮಿಡಿಯುತ್ತಿತ್ತು, ಎರಡು ದವಡೆ ಕೂಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬೆಳಗಿನ ಜಾವ ಅದು ಇದ್ದಕ್ಕಿದ್ದಂತೆ ನಿಂತಿತು. ಗೆದ್ದೆನೆಂದುಕೊಂಡು ಅಂದಿನ ಭೇಟಿಯನ್ನು ಮುಂದೂಡಿದೆ. ಮಧ್ಯಾಹ್ನ ಮುಖ ತೊಳೆಯುವಾಗ ಬೆರಳಿಗೆ ದವಡೆಯ ಮೂಳೆಯ ಅಂಚೇ ಸಿಗಲಿಲ್ಲ. ಇದ್ದ ಜಾಗದಲ್ಲಿ ಬಿಗಿಯಾದ, ಬೆಚ್ಚಗಿನ ಒಂದು ದಿಂಬು ಇತ್ತು. ಆಗಿದ್ದು ಇಷ್ಟು: ಮೂಳೆಯೊಳಗೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಕೀವು ಮೂಳೆಯನ್ನು ತೂತುಮಾಡಿಕೊಂಡು ಕೆನ್ನೆಯ ಮೆತ್ತನೆಯ ಭಾಗಕ್ಕೆ ಹರಿದಿತ್ತು. ಒತ್ತಡ ಇಳಿದದ್ದರಿಂದ ನೋವೂ ಇಳಿದಿತ್ತು, ಸೋಂಕು ಮಾತ್ರ ಇನ್ನೂ ವಿಶಾಲವಾದ ಜಾಗವನ್ನು ಕಂಡುಕೊಂಡಿತ್ತು. ನೋವು ತಗ್ಗಿ ಊತ ಹೆಚ್ಚಿದರೆ ಅದು ಗುಣವಾಗುವುದರ ಸೂಚನೆಯಲ್ಲ ಎಂಬ ಒಂದು ಸಾಲು ನನ್ನ ಚೀಟಿಯಲ್ಲಿ ಇದ್ದಿದ್ದರೆ ಆ ಭೇಟಿಯನ್ನು ನಾನು ಮುಂದೂಡುತ್ತಿರಲಿಲ್ಲ.

ಅದಕ್ಕೂ ಮೊದಲು ಇನ್ನೊಂದು ತಪ್ಪು ಮಾಡಿದ್ದೆ. ಹಿಂದೆಂದೋ ಗಂಟಲುನೋವಿಗೆ ಕೊಟ್ಟು ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆಗಳನ್ನು ನಾನಾಗಿಯೇ ಶುರುಮಾಡಿಕೊಂಡಿದ್ದೆ. ಆ್ಯಂಟಿಬಯೋಟಿಕ್ ಕೀವನ್ನು ‘ಒಣಗಿಸುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗುಳಿಗೆಯ ಔಷಧ ರಕ್ತದ ದಾರಿಯಲ್ಲಿ ಸಾಗುವಂಥದ್ದು. ಕೀವಿನ ಚೀಲದೊಳಗೆ ರಕ್ತದ ಓಡಾಟವೇ ಇಲ್ಲದಿರುವಾಗ, ಸತ್ತ ಹಲ್ಲಿನ ಬೇರಿನೊಳಗೆ ರಕ್ತನಾಳವೇ ಉಳಿದಿಲ್ಲದಿರುವಾಗ, ಔಷಧ ಸುತ್ತಲಿನ ಬೇಲಿಯವರೆಗೆ ಹೋಗಿ ನಿಲ್ಲುತ್ತದೆ. ಮೂಲವನ್ನು ತೆರೆಯಬೇಕು: ಹಲ್ಲಿನ ಒಳಗನ್ನು ಸ್ವಚ್ಛ ಮಾಡಬೇಕು, ಇಲ್ಲವೇ ಹಲ್ಲನ್ನು ತೆಗೆಯಬೇಕು, ಇಲ್ಲವೇ ಕೀವಿಗೆ ಹೊರದಾರಿ ಮಾಡಿಕೊಡಬೇಕು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ರೋಗನಿರೋಧಕ ಶಕ್ತಿ ಸರಿಯಾಗಿರುವ ವಯಸ್ಕರಲ್ಲಿ, ಹಲ್ಲಿಗೇ ಚಿಕಿತ್ಸೆ ಕೂಡಲೇ ದೊರೆಯುವಂತಿದ್ದರೆ, ಹಲ್ಲಿನ ಒಳಸೋಂಕಿನಿಂದ ಬಂದ ನೋವಿಗೂ ಒಂದೆಡೆ ಸೀಮಿತವಾದ ಊತಕ್ಕೂ ಬಹುತೇಕ ಸಂದರ್ಭಗಳಲ್ಲಿ ಆ್ಯಂಟಿಬಯೋಟಿಕ್ ಬೇಡ, ಜ್ವರ, ಸುಸ್ತು ಮುಂತಾಗಿ ಸೋಂಕು ಮೈಗೇರುತ್ತಿರುವ ಲಕ್ಷಣಗಳಿದ್ದರೆ ಬೇಕು, ಆಗಲೂ ಚಿಕಿತ್ಸೆಯ ಜೊತೆಗೆ. ‘ಎರಡು ದಿನ ಮಾತ್ರೆ ನುಂಗಿ, ಊತ ಇಳಿದ ಮೇಲೆ ನೋಡೋಣ’ ಎಂಬ ಮಾತನ್ನು ಕೇಳಿ ಸುಮ್ಮನೆ ಮನೆಗೆ ಹೋಗಬೇಡಿ, ಇವತ್ತೇ ತೆರೆಯಲು ಯಾಕಾಗುವುದಿಲ್ಲ ಎಂದು ಮರ್ಯಾದೆಯಿಂದಲೇ ಕೇಳಿ. ಕೆಲವೊಮ್ಮೆ ಉತ್ತರ ಸರಿಯಾಗಿಯೇ ಇರುತ್ತದೆ. ಇಲ್ಲದಿದ್ದರೆ ಅದು ಕೇಳಿದ ತಕ್ಷಣ ತಿಳಿಯುತ್ತದೆ.

ಇಷ್ಟೊಂದು ಅವಸರ ಏಕೆ ಎಂದರೆ ಕೀವಿಗೆ ಹೋಗಲು ದಾರಿಗಳಿವೆ. ಕೆಳದವಡೆಯ ಕೊನೆಯ ಹಲ್ಲುಗಳ ಬೇರಿನ ತುದಿ ಹೆಚ್ಚಾಗಿ, ಬಾಯಿಯ ತಳವನ್ನು ಜೋಳಿಗೆಯಂತೆ ಹೊತ್ತಿರುವ ಸ್ನಾಯು ಮೂಳೆಗೆ ಅಂಟಿಕೊಂಡ ಗೆರೆಗಿಂತ ಕೆಳಗಿರುತ್ತದೆ. ಹಾಗಾಗಿ ಅಲ್ಲಿನ ಸೋಂಕು ನೇರವಾಗಿ ಗದ್ದದ ಕೆಳಗೆ, ಕತ್ತಿನ ಕಡೆಗೆ ಇಳಿಯಬಲ್ಲದು. ಎರಡೂ ಪಕ್ಕದಲ್ಲಿ ಹೀಗೆ ಹರಡಿ, ಗದ್ದದಡಿ ಹಲಗೆಯಂತೆ ಗಟ್ಟಿಯಾಗಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ನೂಕಿ ಉಸಿರಿನ ದಾರಿಯನ್ನೇ ಮುಚ್ಚುವ ಸ್ಥಿತಿಯನ್ನು ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿಯೇ ವರ್ಣಿಸಿದ್ದರು. ಇಂದಿಗೂ ಅದಕ್ಕೆ ಲುಡ್ವಿಗ್ಸ್ ಆಂಜೈನಾ ಎಂದೇ ಹೆಸರು. ಮೇಲ್ದವಡೆಯ ಕೋರೆಹಲ್ಲಿನ ಸೋಂಕು ಮೂಗಿನ ಪಕ್ಕದಿಂದ ಏರಿ ಕಣ್ಣಿನ ರೆಪ್ಪೆಯನ್ನು ಮುಚ್ಚಿಸುತ್ತದೆ, ಕಣ್ಣಿನ ಹಿಂದಿನ ಅಭಿಧಮನಿಗಳ ಮೂಲಕ ತಲೆಬುರುಡೆಯೊಳಕ್ಕೆ ಹೋಗುವುದು ಅಪರೂಪವಾದರೂ ಅಸಾಧ್ಯವಲ್ಲ.

ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಇದನ್ನು ಒಂದು ನಿಮಿಷದಲ್ಲಿ ಪರೀಕ್ಷಿಸಿಕೊಳ್ಳಬಹುದು. ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ನಿನ್ನೆ ಎರಡು ಬೆರಳು ಹಿಡಿಸುತ್ತಿದ್ದ ಬಾಯಿಗೆ ಇಂದು ಒಂದೇ ಹಿಡಿಸಿದರೆ ದವಡೆಯ ಸ್ನಾಯುಗಳು ಬಿಗಿಯುತ್ತಿವೆ. ನಾಲಿಗೆಯನ್ನು ಹೊರಚಾಚಿ, ಮೇಲಕ್ಕೆತ್ತಿ. ಎಂಜಲು ನುಂಗಿ. ಜೋರಾಗಿ ಒಂದು ವಾಕ್ಯ ಓದಿ. ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡಂತೆ ಮಾತು ತೊದಲಿದರೆ, ಅಂಗಾತ ಮಲಗಿದರೆ ಉಸಿರು ಸಿಕ್ಕದೆ ಎದ್ದು ಕೂರಬೇಕೆನ್ನಿಸಿದರೆ, ಕಣ್ಣು ಮುಚ್ಚಿಹೋಗುತ್ತಿದ್ದರೆ ಅಥವಾ ಎರಡೆರಡಾಗಿ ಕಾಣುತ್ತಿದ್ದರೆ ದಂತವೈದ್ಯರ ಬಾಗಿಲು ತೆರೆಯುವುದನ್ನು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಅದು ನಡುರಾತ್ರಿಯಾಗಿದ್ದರೂ ಸರಿ. ಮಧುಮೇಹ ಇರುವವರು, ಸ್ಟಿರಾಯ್ಡ್ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುತ್ತಿರುವವರು ಇಷ್ಟೆಲ್ಲ ಲಕ್ಷಣಗಳಿಗೆ ಕಾಯಲೇಬಾರದು, ಏಕೆಂದರೆ ಅವರಲ್ಲಿ ನಂಜು ಬೇಗ ಏರುತ್ತದೆ.

ಮಾಡಬಾರದ್ದರಲ್ಲಿ ಮೊದಲನೆಯದು, ಕೀವು ತುಂಬಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವುದು. ಕೀವು ಚರ್ಮದ ಕಡೆಗೇ ದಾರಿ ಮಾಡಿಕೊಂಡು ಮುಖದ ಮೇಲೆ ಶಾಶ್ವತ ಕಲೆ ಉಳಿಯಬಹುದು. ಬೆಚ್ಚಗಿನ ಉಪ್ಪುನೀರು ಬಾಯೊಳಗೆ ಇರಲಿ, ಅದೂ ಹಲ್ಲು ಕಿತ್ತ ಮರುದಿನದಿಂದ, ರಭಸವಾಗಿ ಮುಕ್ಕಳಿಸದೆ. ಸೂಜಿಯಿಂದ ಚುಚ್ಚುವುದಾಗಲಿ, ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲಿಡುವುದಾಗಲಿ ಬೇಡ, ಎರಡನೆಯದು ಒಸಡನ್ನು ಸುಡುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್ ನೋವಿನ ಜೊತೆ ಜ್ವರವನ್ನೂ ಇಳಿಸುತ್ತವೆ ಎಂಬುದು ನೆನಪಿರಲಿ. ಮಾತ್ರೆ ನುಂಗಿ ಒಂದು ಗಂಟೆಯ ನಂತರ ನೋಡಿದ ಥರ್ಮಾಮೀಟರಿನ ಅಂಕಿಯನ್ನು ನಂಬಿಕೊಂಡು ಕೂರಬೇಡಿ.

ನನ್ನ ಕೆನ್ನೆಯ ಒಳಬದಿಯಲ್ಲಿ ಸಣ್ಣದೊಂದು ಗೀರು ಹಾಕಿ, ಕೀವು ತೆಗೆದು, ದಾರಿ ಮುಚ್ಚದಿರಲೆಂದು ರಬ್ಬರಿನ ತೆಳು ಪಟ್ಟಿಯೊಂದನ್ನು ಹೊಲಿದು ಬಿಟ್ಟಿದ್ದರು. ಎರಡನೆಯ ದಿನ ಅದನ್ನು ತೆಗೆಯುವಾಗ, ಮುಂಚೆಯೇ ಏಕೆ ಫೋನ್ ಮಾಡಲಿಲ್ಲ ಎಂದು ಕೇಳಿದರು. ಮಾಡಿದ್ದೆ ಎಂದೆ; ಊದಿದೆ ಎಂದಿದ್ದೆ, ಅದು ಸಹಜ ಎಂದು ಆ ಕಡೆಯಿಂದ ಉತ್ತರ ಬಂದಿತ್ತು. ಈಗ ಫೋನ್ ಮಾಡುವುದಾದರೆ ಹೀಗೆ ಹೇಳುತ್ತೇನೆ: ಚಿಕಿತ್ಸೆಯಾಗಿ ನಾಲ್ಕನೆಯ ದಿನ, ನಿನ್ನೆಗಿಂತ ಇಂದು ಊತ ಹೆಚ್ಚಾಗಿದೆ, ನೋವು ರಾತ್ರಿಯೇ ನಿಂತಿತು, ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿದೆ, ಜ್ವರ 101 ಡಿಗ್ರಿ, ಎರಡು ದಿನದ ಫೋಟೊಗಳನ್ನು ಈಗಲೇ ಕಳಿಸುತ್ತೇನೆ, ಎಷ್ಟು ಗಂಟೆಗೆ ಬರಲಿ?